ನಿಕ್ಸ್, ಗೀಕ್ಸ್: ನೆಚ್ಚಬಹುದು, ಆದರೆ ಕಾಯಬೇಕು

ಲಿನಕ್ಸ್ ಬಳಸುವವರಲ್ಲಿ ಅಪ್‌ಡೇಟ್ ಎಂದರೆ ಅಳುಕದವರು ಕಡಿಮೆ. ಒಂದು ಲೈಬ್ರರಿ ಹೊಸದಾದರೆ ಅದನ್ನು ನೆಚ್ಚಿದ ಇನ್ನೊಂದು ತಂತ್ರಾಂಶ ಕೈಕೊಡಬಹುದು. ಈ ತೊಂದರೆಯನ್ನು ಬುಡದಲ್ಲೇ ನಿವಾರಿಸಲು ಹೊರಟವು ಫಂಕ್ಷನಲ್ ಪ್ಯಾಕೇಜ್ ಮ್ಯಾನೇಜರ್‌ಗಳು. ಇವುಗಳಲ್ಲಿ ಹಿರಿಯದು ನಿಕ್ಸ್. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಎಲ್ಕೊ ಡೋಲ್‌ಸ್ಟ್ರಾ ಅದರ ತತ್ತ್ವವನ್ನು 2006ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದರು. ಅದೇ ತತ್ತ್ವವನ್ನು ಸ್ಕೀಮ್ ಭಾಷೆಯಲ್ಲಿ ಕಟ್ಟಿಕೊಂಡ ಗ್ನೂ ಯೋಜನೆಯ ಗೀಕ್ಸ್ 2012ರಲ್ಲಿ ಬಂತು.

ಮೂಲ ಕೋಡ್, ಕಂಪೈಲರ್, ಲೈಬ್ರರಿ, ಆಯ್ಕೆಗಳು ಇಷ್ಟನ್ನೂ ಸೇರಿಸಿ ಲೆಕ್ಕ ಹಾಕಿದ 32 ಅಕ್ಷರಗಳ ಹ್ಯಾಶ್ ಹೊತ್ತ ಫೋಲ್ಡರಿನಲ್ಲಿ ಇವು ಪ್ಯಾಕೇಜನ್ನು ಇಡುತ್ತವೆ. ಹೊಸ ಆವೃತ್ತಿ ಹಳೆಯದನ್ನು ಅಳಿಸುವುದಿಲ್ಲ, ಅದರ ಪಕ್ಕದಲ್ಲಿ ಕೂರುತ್ತದೆ. ಏನಾದರೂ ಕೆಟ್ಟರೆ ಒಂದು ಸಿಮ್‌ಲಿಂಕ್ ಬದಲಿಸಿದರೆ ಸಾಕು, ಹಿಂದಿನ ಸ್ಥಿತಿ ಸಿದ್ಧ. ಇಷ್ಟು ಚೊಕ್ಕವಾದ ಪರಿಹಾರ ತಂತ್ರಾಂಶ ಲೋಕದಲ್ಲಿ ಅಪರೂಪ.

ತೊಡಕಿರುವುದು ದಿನನಿತ್ಯದ ಸಣ್ಣ ಕೆಲಸಗಳಲ್ಲಿ. ನಿಕ್ಸ್‌ನ ಹಳೆಯ ಆದೇಶಕ್ಕೆ ಪ್ಯಾಕೇಜಿನ ಹೆಸರನ್ನಷ್ಟೇ ಕೊಟ್ಟರೆ, ಆ ಒಂದು ಹೆಸರಿಗಾಗಿ ಅದು ಅಗಾಧ ಸಂಗ್ರಹವನ್ನೆಲ್ಲ ಜಾಲಾಡುತ್ತದೆ. ಡೆಬಿಯನ್‌ನಲ್ಲಿ ಆಪ್ಟ್ ಅಪ್‌ಡೇಟ್ ಎಂದರೆ ಪ್ಯಾಕೇಜುಗಳ ಪಟ್ಟಿ ಇಳಿಸಿಕೊಳ್ಳುವುದು, ಅಷ್ಟೇ. ಗೀಕ್ಸ್ ಪುಲ್ ಹಾಗಲ್ಲ, ಗೀಕ್ಸನ್ನೇ ಹೊಸದಾಗಿ ಕಟ್ಟುತ್ತದೆ. ಸಿದ್ಧ ಬೈನರಿ ಸರ್ವರಿನಲ್ಲಿ ಸಿಗದಿದ್ದರೆ ಕಂಪೈಲ್ ಮಾಡುವ ಹೊರೆ ನಮ್ಮ ಲ್ಯಾಪ್‌ಟಾಪಿನ ಮೇಲೇ ಬೀಳುತ್ತದೆ. ಇನ್ನು ತಳದ ಲೈಬ್ರರಿಯೊಂದು ಬದಲಾದರೆ ಅದನ್ನು ನೆಚ್ಚಿದ ಎಲ್ಲದರ ಹ್ಯಾಶೂ ಬದಲಾಗಿ, ಅಷ್ಟನ್ನೂ ಮತ್ತೆ ಇಳಿಸಿಕೊಳ್ಳಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೆಲಸ ಮಾಡುವವರಿಗೆ ಇದು ಸಣ್ಣ ಮಾತಲ್ಲ.

'ಮುಂದೆ ಉಳಿಯುವ ಗಂಟೆಗಳ ಮುಂದೆ ಈ ನಿಮಿಷಗಳು ಯಾವ ಲೆಕ್ಕ' ಎನ್ನುವ ಸಮರ್ಥನೆಯಿದೆ. ನಾನಿದನ್ನು ಒಪ್ಪುವುದಿಲ್ಲ. ಯಂತ್ರ ಕೆಡುವುದು ಎಂದೋ ಒಮ್ಮೆ, ಆದೇಶ ಟೈಪಿಸುವುದು ದಿನವೂ. ಅದಕ್ಕಿಂತ ಮುಖ್ಯವಾಗಿ, ಈ ನಿಧಾನ ತತ್ತ್ವಕ್ಕೆ ತೆರಲೇಬೇಕಾದ ಬೆಲೆಯೇನಲ್ಲ.

ಗೀಕ್ಸ್‌ನಲ್ಲೇ ಇದಕ್ಕೆ ಪುರಾವೆಯಿದೆ. ಒಂದೊಂದು ಪ್ಯಾಕೇಜಿಗೂ ಪ್ರತ್ಯೇಕ ಫೋಲ್ಡರ್ ಇರುವುದರಿಂದ, ತಂತ್ರಾಂಶ ಶುರುವಾಗುವಾಗ ಲೋಡರ್ ಪ್ರತಿ ಲೈಬ್ರರಿಗೂ ಸಾಲುಸಾಲು ಫೋಲ್ಡರುಗಳ ಬಾಗಿಲು ತಟ್ಟಬೇಕಿತ್ತು. ಹತ್ತಾರು ಲೈಬ್ರರಿ ಬೇಕಾದ ತಂತ್ರಾಂಶದಲ್ಲಿ ಇಂಥ ವ್ಯರ್ಥ ಹುಡುಕಾಟ ನೂರಾರು ಸಲ ನಡೆಯುತ್ತಿತ್ತು. 2021ರಲ್ಲಿ ಗೀಕ್ಸ್ ತಂಡ ಲೈಬ್ರರಿಗಳ ವಿಳಾಸಗಳನ್ನು ಬರೆದಿಟ್ಟ ಕ್ಯಾಶ್ ಒಂದನ್ನು ಪ್ಯಾಕೇಜಿನೊಳಗೇ ಸೇರಿಸಿತು, ಹುಡುಕಾಟ ತಪ್ಪಿತು. ಒಮ್ಮೆ ಇಟ್ಟ ಪ್ಯಾಕೇಜು ಎಂದೂ ಬದಲಾಗುವುದಿಲ್ಲವಾದ್ದರಿಂದ ಈ ಕ್ಯಾಶ್ ಹಳಸುವ ಭಯವೇ ಇಲ್ಲ. ಅಂದರೆ ವೇಗಕ್ಕೆ ಅಡ್ಡಿ ಎನಿಸಿದ ತತ್ತ್ವವೇ ವೇಗಕ್ಕೆ ಆಸರೆಯಾಯಿತು.

ನಿಕ್ಸ್‌ನ ಫ್ಲೇಕ್ಸ್ ಎಂಬ ಸೌಲಭ್ಯ ಕೂಡ ಇದೇ ದಾರಿ ಹಿಡಿದಿದೆ: ನೆಚ್ಚಿದ ಆಕರಗಳ ಆವೃತ್ತಿಗಳೆಲ್ಲ ಲಾಕ್ ಆಗಿದ್ದರೆ ಒಮ್ಮೆ ಮಾಡಿದ ಲೆಕ್ಕವನ್ನು ಮತ್ತೆ ಬಳಸಬಹುದು. ಆದರೆ 2021ರಲ್ಲಿ ನಿಕ್ಸ್ 2.4ರೊಡನೆ ಬಂದ ಈ ಸೌಲಭ್ಯ ವರ್ಷಗಟ್ಟಲೆ 'ಪ್ರಾಯೋಗಿಕ' ಎಂಬ ಪಟ್ಟಿ ಹಚ್ಚಿಕೊಂಡೇ ಉಳಿಯಿತು. ದೋಷ ಸಂದೇಶಗಳೂ ಸುಧಾರಿಸಬೇಕು. 'ಇನ್ಫಿನಿಟ್ ರಿಕರ್ಷನ್' ಎಂದು ತೋರಿಸುವ ಉದ್ದನೆಯ ಟ್ರೇಸ್‌ನಲ್ಲಿ ನಾವು ಬರೆದ ಸಾಲು ಯಾವುದೆಂದು ಹುಡುಕುವುದೇ ಒಂದು ಕೆಲಸ.

ಸರ್ವರ್ ನಿರ್ವಹಿಸುವವರು, ಒಂದೇ ಪರಿಸರವನ್ನು ಹಲವು ಯಂತ್ರಗಳಲ್ಲಿ ನಿಲ್ಲಿಸಬೇಕಾದ ತಂಡಗಳು ಇವನ್ನು ಈಗಲೇ ಧೈರ್ಯವಾಗಿ ಬಳಸಬಹುದು. ಮನೆಯ ಲ್ಯಾಪ್‌ಟಾಪಿನವರು ಈಗಿರುವ ಲಿನಕ್ಸ್ ಮೇಲೆಯೇ ನಿಕ್ಸ್ ಹಾಕಿಕೊಂಡು ರೂಢಿಸಿಕೊಳ್ಳುವುದು ಒಳ್ಳೆಯದು. ಇವನ್ನು ಕಟ್ಟುವವರಲ್ಲಿ ನನ್ನ ಬೇಡಿಕೆ ಒಂದೇ: ಬದಲಾಗದ್ದನ್ನು ಮತ್ತೆ ಮತ್ತೆ ಲೆಕ್ಕ ಹಾಕಬೇಡಿ. ನಿಮ್ಮ ತತ್ತ್ವ ಹೇಳುವುದೂ ಅದನ್ನೇ.