ತಂಡದ ಅಂಗಿ ಮತ್ತು ಅಭಿಮಾನಿಯ ಊರು

ಆಟಗಾರರ ಉಡುಪನ್ನು ಚರಿತ್ರೆಯ ಆಕರವೆಂದು ಎಣಿಸುವ ರೂಢಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ನಾಣ್ಯವನ್ನೂ ಲಾಂಛನವನ್ನೂ ಓದುವಂತೆಯೇ ಅದನ್ನೂ ಓದಬಹುದೆಂಬುದು ನಮ್ಮ ಅಭಿಪ್ರಾಯ. ರಾಯಲ್ ಚಾಲೆಂಜರ್ಸ್ ಕ್ರಿಕೆಟ್ ತಂಡದ ಅಂಗಿಯನ್ನು ಇಲ್ಲಿ ಹಾಗೆ ಓದಲೆತ್ನಿಸಿದ್ದೇವೆ.

2008ರಲ್ಲಿ ಹುಟ್ಟಿದ ಈ ತಂಡದ ಹೆಸರಿನ ಪೂರ್ವಾರ್ಧ ಬಂದುದು ಒಂದು ವಿಸ್ಕಿಯಿಂದ, ಉತ್ತರಾರ್ಧ ಒಂದು ನಗರದಿಂದ. (ಪೂರ್ವಾರ್ಧವನ್ನು ಅಭಿಮಾನಿಗಳು ಮರೆತಿರುವುದು ಅವರ ಔದಾರ್ಯ.) ಮೊದಲ ಅಂಗಿಯ ಬಣ್ಣ ಕೆಂಪು ಮತ್ತು ಹೊಂಬಣ್ಣದ ಹಳದಿ, ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಕನ್ನಡ ಬಾವುಟದ ಬಣ್ಣಗಳೂ ಇವೇ. ಮುಂದೆ ಹಳದಿ ಹಿಂದೆ ಸರಿದು ಕಪ್ಪು, ನೀಲಿಗಳು ಬಂದವು, ಕೆಂಪು ಉಳಿಯಿತು. ನಗರದ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಂಗಳೂರು ಎಂದಾಯಿತು. ತಂಡ 'ಬ್ಯಾಂಗಲೋರ್' ಅನ್ನು ಬಿಟ್ಟುದು 2024ರ ಮಾರ್ಚಿಯಲ್ಲಿ.

ಅಮೆರಿಕದ ಬೇಸ್‌ಬಾಲಿನಲ್ಲಿ ಒಂದು ಹಳೆಯ ವಾಡಿಕೆಯಿದೆ. ತವರಿನ ಮೈದಾನದಲ್ಲಿ ಬಿಳಿಯ ಅಂಗಿಯ ಮೇಲೆ ತಂಡದ ಅಡ್ಡಹೆಸರು; ಪರಸ್ಥಳದಲ್ಲಿ ಬೂದುಬಣ್ಣದ ಅಂಗಿಯ ಮೇಲೆ ಊರಿನ ಹೆಸರು. ಊರಿನ ಹೆಸರು ಬೇಕಾಗುವುದು ಊರು ಬಿಟ್ಟಾಗ ಎಂಬ ತಿಳಿವು ಅದರಲ್ಲಿದೆ. ಆದರೆ 1957ರ ಋತುವಿನ ತರುವಾಯ ಡಾಡ್ಜರ್ಸ್ ತಂಡ ಬ್ರೂಕ್ಲಿನ್ನನ್ನು ತೊರೆದು ಲಾಸ್ ಏಂಜಲಿಸ್ ಸೇರಿದಾಗ ಎದೆಯ ಮೇಲಿನ ಅಡ್ಡಹೆಸರು ಹಾಗೆಯೇ ಜೊತೆಗೆ ಹೋಯಿತು; ಟೋಪಿಯ ಮೇಲಿನ 'ಬಿ' ಅಕ್ಷರ ಮಾತ್ರ ಅಳಿಯಿತು. ಬ್ರೂಕ್ಲಿನ್ನಿನ ಜನರ ಅಭಿಮಾನಕ್ಕೆ ಅಂಗಿಯ ಮೇಲೆ ಯಾವ ಹಕ್ಕೂ ಇರಲಿಲ್ಲ.

ನಮ್ಮಲ್ಲಿ ತೊಡಕು ಬೇರೆಯದು. ರೋಣ ಸೀಮೆಯ ಜಕ್ಕಲಿಯ ತರುಣನು ಕೆಂಪಂಗಿ ತೊಟ್ಟರೆ ಅದರ ಮೇಲಿರುವ ಊರು ಅವನದಲ್ಲ. ಅದು ಸುಮಾರು 400 ಕಿಲೋಮೀಟರು ದೂರದ್ದು. 1956ರವರೆಗೆ ಜಕ್ಕಲಿ ಮುಂಬಯಿ ರಾಜ್ಯದಲ್ಲಿತ್ತು. ಆ ಊರಿನ ಅಂದಾನಪ್ಪ ದೊಡ್ಡಮೇಟಿಯವರು ಏಕೀಕರಣಕ್ಕಾಗಿ ಹೋರಾಡಿದುದು ಸಮಗ್ರ ನಾಡಿಗಾಗಿ, ಒಂದು ನಗರಕ್ಕಾಗಿ ಅಲ್ಲ. ನ್ಯಾಯವಾಗಿ ಜಕ್ಕಲಿಯದೆನ್ನಬಹುದಾದ ತಂಡ ರಾಜ್ಯದ ರಣಜಿ ತಂಡ. 1973ರ ನವೆಂಬರಿನಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ಋತುವಿನಲ್ಲಿ ಕರ್ನಾಟಕ ತಂಡವು ಸತತ 15 ವರ್ಷ ಗೆದ್ದಿದ್ದ ಮುಂಬಯಿಯನ್ನು ಉಪಾಂತ್ಯದಲ್ಲಿ ಹಿಂದಿಕ್ಕಿ ಮೊದಲ ಬಾರಿ ರಣಜಿ ಪ್ರಶಸ್ತಿ ಪಡೆಯಿತು. 1995–96ರಲ್ಲಿ ಮತ್ತೆ ಗೆದ್ದ ತಂಡದಲ್ಲಿ ಗದಗಿನ ಸುನಿಲ್ ಜೋಶಿಯವರಿದ್ದರು. ಆದರೆ ಆ ತಂಡದ ಉಡುಪು ಬಿಳಿ. ಎಲ್ಲ ತಂಡಗಳದೂ ಬಿಳಿ. ತೊಟ್ಟು ಮೆರೆಯಲು ಅದರಲ್ಲಿ ಏನಿದೆ?

ಕೆಂಪಂಗಿಯ ಅಭಿಮಾನ ಬರಿಯ ವ್ಯಾಪಾರದ ಸೃಷ್ಟಿಯೆಂದು ತಳ್ಳಿಹಾಕುವವರುಂಟು. ನಾವು ಅದನ್ನು ಪೂರ್ತಿಯಾಗಿ ಒಪ್ಪೆವು. 'ಈ ಸಲ ಕಪ್ ನಮ್ದೇ' ಎಂಬ ಘೋಷಣೆಯನ್ನು ಗಮನಿಸಿರಿ: ಅದರಲ್ಲಿ ನಗರವಿಲ್ಲ, ವಿಸ್ಕಿಯಿಲ್ಲ, ಇರುವುದು ಕನ್ನಡದ 'ನಮ್ದು'. ರೋಣದ ಕಡೆ ಅದು 'ನಮ್ದ' ಆಗುತ್ತದೆ, ಅಷ್ಟೆ. ಅಂಗಿಯ ಮೇಲೆ ಬರೆಯದ ಕರ್ನಾಟಕವನ್ನು ತೊಟ್ಟವನು ತಾನೇ ಓದಿಕೊಳ್ಳುತ್ತಾನೆ.

ಆದರೆ ಈ ಓದು ಒಂದು ಕಡೆಯಿಂದಷ್ಟೇ ನಡೆಯುತ್ತಿದೆ. 2025ರ ಜೂನ್ 3ರಂದು ತಂಡವು ಅಹಮದಾಬಾದಿನಲ್ಲಿ ಪಂಜಾಬನ್ನು 6 ಓಟಗಳಿಂದ ಸೋಲಿಸಿ ಮೊದಲ ಬಾರಿಗೆ ಐಪಿಎಲ್ ಪ್ರಶಸ್ತಿ ಗೆದ್ದಿತು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಅಸುನೀಗಿದರು. ಅವರಲ್ಲಿ ಬೆಂಗಳೂರಿನ ಹೊರಗಿನ ಜಿಲ್ಲೆಗಳವರೂ ಇದ್ದರು.