ಅಲೆಯನ್ನು ಮಸೂರವಾಗಿಸಿದ ವಿಧಾನ

ನಿಶ್ಚಲವಾದ ನೀರಿನೊಳಗಿನ ವಸ್ತುವು ತನ್ನ ನಿಜವಾದ ಸ್ಥಾನಕ್ಕಿಂತ ಮೇಲೆದ್ದಂತೆ ಕಾಣುವುದುಂಟಾದರೂ, ಆ ದೋಷವು ಕ್ಷಣಕ್ಷಣಕ್ಕೆ ಬದಲಾಗದೆ ನಿಯತವಾಗಿರುವ ಕಾರಣ ಗಣಿತದಿಂದ ಅದನ್ನು ತಿದ್ದಿಕೊಳ್ಳಬಹುದು. ಅಲೆಯೆದ್ದ ಕಡಲಿನಲ್ಲಾದರೋ ಮೇಲ್ಮೈಯ ಓರೆಯು ಕ್ಷಣಕ್ಷಣಕ್ಕೂ ಪಲ್ಲಟಗೊಳ್ಳುತ್ತಿರುವುದರಿಂದ, ತಳದ ಹವಳವೊಂದು ಒಮ್ಮೆ ಹಿಗ್ಗಿ, ಒಮ್ಮೆ ಕುಗ್ಗಿ, ಮರುಕ್ಷಣದಲ್ಲಿ ಜಾಗವನ್ನೇ ಬದಲಿಸಿದಂತೆ ತೋರುತ್ತದೆ. ಸಾಲದುದಕ್ಕೆ ತೆರೆಯ ಉಬ್ಬುಗಳು ಸೂರ್ಯಕಿರಣಗಳನ್ನು ಕೂಡಿಸಿ ತಳದ ಮರಳಿನ ಮೇಲೆ ಬೆಳಕಿನ ಚಂಚಲವಾದ ಬಲೆಯೊಂದನ್ನು ಹರಡುತ್ತವೆ.

ಅಮೆರಿಕದ ನಾಸಾ ಸಂಸ್ಥೆಯ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ವೇದ್ ಚಿರಾಯತ್ ಅವರು ರೂಪಿಸಿದ 'ಫ್ಲೂಯಿಡ್ ಲೆನ್ಸಿಂಗ್' ಎಂಬ ವಿಧಾನವು ಈ ವಿಕಾರವನ್ನು ಅಳಿಸುವುದರೊಡನೆ ತೃಪ್ತಿಗೊಳ್ಳದೆ ಅದರಿಂದಲೇ ಕೆಲಸ ತೆಗೆಯಹೊರಟಿತು. ಉಬ್ಬಿದ ಅಲೆಯು ಪೀನಮಸೂರದಂತೆ ತಳವನ್ನು ಹಿಗ್ಗಿಸಿ ತೋರಿಸುವುದಷ್ಟೆ. ಡ್ರೋನಿನಿಂದ ಒಂದರ ಬೆನ್ನಿಗೊಂದರಂತೆ ತೆಗೆದ ಅಸಂಖ್ಯ ಚಿತ್ರಗಳಲ್ಲಿ ಅಂಥ ಅನುಕೂಲದ ಗಳಿಗೆಗಳನ್ನು ಗಣಕಯಂತ್ರವು ಹೆಕ್ಕಿ ಕೂಡಿಸಿದಾಗ, ಅಮೆರಿಕನ್ ಸಮೋವಾದ ಹವಳದ ದಿಬ್ಬಗಳೂ ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಬೇ ಕೊಲ್ಲಿಯಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಶಿಲಾರಚನೆಗಳಾದ ಸ್ಟ್ರೊಮಾಟೊಲೈಟ್‌ಗಳೂ ಸೆಂಟಿಮೀಟರಿನ ಸೂಕ್ಷ್ಮತೆಯಲ್ಲಿ ಗೋಚರವಾದುವು. ಇದರ ಹಿಂದಿನ ಬುದ್ಧಿಚಾತುರ್ಯವನ್ನು ಮೆಚ್ಚದಿರಲು ಸಾಧ್ಯವಿಲ್ಲ.

ಆದರೆ ಎರಡೂ ತಾಣಗಳು ತಿಳಿನೀರಿನವು, ಆಳವಿಲ್ಲದವು. ಅಲ್ಲಿಯ ವಸ್ತುಗಳಾದರೂ ಕದಲುವಂಥವಲ್ಲ. ಹಲವು ಚಿತ್ರಗಳನ್ನು ಒಂದರಲ್ಲಿ ಲೀನಗೊಳಿಸುವ ಈ ಕ್ರಮದಲ್ಲಿ ಹವಳಕ್ಕೆ ದೊರೆತ ನ್ಯಾಯವು ಅದರ ನಡುವೆ ಸುಳಿಯುವ ಮೀನಿಗೆ ದೊರೆಯುವುದು ಕಷ್ಟ. ಇದಕ್ಕಿಂತಲೂ ಗುರುತರವಾದ ಆಕ್ಷೇಪವೊಂದಿದೆ. ಅಲೆಯು ಬೆಳಕನ್ನು ಬಾಗಿಸುವುದಷ್ಟೇ ಅಲ್ಲದೆ ನೀರನ್ನೂ ಕಲಕುತ್ತದೆ. ಅದರ ಚಲನೆಯು ತನ್ನ ತರಂಗದೂರದ ಸುಮಾರು ಅರ್ಧದಷ್ಟು ಆಳದವರೆಗೂ ಇಳಿಯುವುದರಿಂದ, 60 ಮೀಟರು ಅಂತರದ ತೆರೆಯೊಂದು 30 ಮೀಟರಿಗಿಂತ ಕಡಮೆ ಆಳದ ತಳವನ್ನು ತಟ್ಟಬಲ್ಲುದು, ಅಲ್ಲಿಯ ಹೂಳನ್ನು ಮೇಲೆಬ್ಬಿಸಬಲ್ಲುದು. ಬಾಗಿದ ಕಿರಣದ ಹಾದಿಯನ್ನು ಲೆಕ್ಕಹಾಕಿ ಹಿಂದಕ್ಕೆ ಹಿಡಿಯಬಹುದು; ಹೂಳಿನ ಕಣಗಳಲ್ಲಿ ಚದುರಿಹೋದ ಕಿರಣವನ್ನು ಆ ಲೆಕ್ಕದಿಂದ ಮರಳಿ ಪಡೆಯುವಂತಿಲ್ಲ. ಮುಂಗಾರಿನಲ್ಲಿ ಕೆಂಪೇರಿದ ನಮ್ಮ ಕರಾವಳಿಯ ಅಳಿವೆಗಳನ್ನು ಕಂಡವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಬಿಸಿಲನ್ನೇ ನೆಚ್ಚುವ ತೊಂದರೆಯನ್ನು ನೀಗಲೆಂದು ಚಿರಾಯತ್ ಅವರೇ ಮುಂದೆ ತನ್ನ ಬೆಳಕನ್ನು ತಾನೇ ಬೀರುವ 'ಮೈಡಾರ್' ಎಂಬ ಉಪಕರಣವನ್ನು ನಿರ್ಮಿಸಿದರು. ಕತ್ತಲೆಗೆ ಅದು ತಕ್ಕ ಉತ್ತರವೇ ಹೌದು. ಕದಡಿದ ನೀರಿನಲ್ಲಿ ಮಾತ್ರ ದೀಪವನ್ನು ಪ್ರಖರಗೊಳಿಸಿದಂತೆಲ್ಲ ಕಣಗಳಿಂದ ಹಿಂದಿರುಗುವ ಬೆಳಕೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ, ಈ ವಿಧಾನದ ನಿಜವಾದ ಪರೀಕ್ಷೆಯು ಹೂಳುಗಡಲಿನಲ್ಲಿಯೇ ನಡೆಯತಕ್ಕದ್ದೆಂದು ನನ್ನ ಅಭಿಪ್ರಾಯ.