ಅಕ್ಷರ ಸವೆದಿದೆಯೋ, ಫೋಕಸ್ ತಪ್ಪಿದೆಯೋ?

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯ ಶಾಸನಗಳ ಫೋಟೋಗಳು ಈಗ ದಿನಾ ಮೊಬೈಲಿಗೆ ಬರುತ್ತಿವೆ. ಸಂತೋಷದ ವಿಷಯವೇ. ಆದರೆ ಅವುಗಳ ಜೊತೆ ಹಾಕುವ ಪಾಠದ ಬಗ್ಗೆ ನನ್ನದೊಂದು ತಕರಾರಿದೆ. ಮೇಲಿನ ಸಾಲುಗಳನ್ನು ಪೂರ್ತಿ ಓದಿ, ಕೆಳಗಿನ ಸಾಲುಗಳಿಗೆ ಚುಕ್ಕಿ ಇಟ್ಟು ‘ಸವೆದಿದೆ’ ಅಂತ ಬರೆದಿರುತ್ತಾರೆ. ಚಿತ್ರ ಹಿಗ್ಗಿಸಿ ನೋಡಿದರೆ ಅಲ್ಲಿ ಗ್ರಾನೈಟಿನ ಕಣಗಳೂ ಮಸುಕು! ಅಕ್ಷರ ಸವೆದರೂ ಕಲ್ಲಿನ ಕಣ ಕಾಣಬೇಕಲ್ಲ? ಅದೂ ಕಾಣದಿದ್ದರೆ ಮಸುಕಾಗಿರುವುದು ಚಿತ್ರ, ಶಾಸನವಲ್ಲ.

ಲೆನ್ಸಿನ ಫೋಕಸ್ ಕೂರುವುದು ಒಂದೇ ದೂರದಲ್ಲಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಹಾಕಿ ಅರ್ಧ ಮೀಟರಿನಿಂದ ತೆಗೆದರೆ, ಎಫ್/2.8ರಲ್ಲಿ ಸ್ಪಷ್ಟವಾಗಿ ಸಿಗುವ ಆಳ ಸುಮಾರು ಒಂದೂವರೆ ಸೆಂ.ಮೀ.; ಎಫ್/8ರಲ್ಲಿ ಸುಮಾರು ನಾಲ್ಕು. ನಿಂತಲ್ಲಿಂದಲೇ ಕ್ಯಾಮೆರಾ ಬಾಗಿಸಿದರೆ ಕೆಳಗಿನ ಸಾಲುಗಳು ಈ ಮಿತಿ ದಾಟಿಬಿಡುತ್ತವೆ. ಆಗ ಮೊದಲು ಹೋಗೋದು ಸಣ್ಣ ಗೆರೆಗಳ ಕಾಂಟ್ರಾಸ್ಟ್: ಸೊನ್ನೆ, ಗುಡಿಸಿನ ತುದಿ, ಒತ್ತಕ್ಷರದ ಕೊಂಡಿ. ಅಕ್ಷರದ ಒಡಲು ಮಾತ್ರ ಉಳಿದು, ಓದಬಹುದು ಅನ್ನೋ ಭ್ರಮೆ ಹುಟ್ಟಿಸುತ್ತೆ. ಫೋಕಸ್ ಇನ್ನೂ ತಪ್ಪಿದರೆ ಒತ್ತೊತ್ತಾದ ಗೆರೆಗಳಲ್ಲಿ ಕಪ್ಪು-ಬಿಳುಪು ಅದಲುಬದಲಾಗುವುದೂ ಉಂಟು. ಆಮೇಲೆ ಆ್ಯಪಿನಲ್ಲಿ ‘ಶಾರ್ಪ್’ ಮಾಡಿದರೆ ಅಂಚು ಹೊಳೆಯುತ್ತೆ, ಹೋದ ಗೆರೆ ಬರೋದಿಲ್ಲ.

ಇದು ಬರೀ ಫೋಟೋಗ್ರಫಿಯ ಮಾತಲ್ಲ. ಹಂಪಿ ವಿರೂಪಾಕ್ಷ ದೇವಾಲಯದಲ್ಲಿರುವ ಕೃಷ್ಣದೇವರಾಯನ ಶಾಸನ ನೋಡಿ. ಅದರಲ್ಲಿ ಶಕ 1430 ಎಂದಿದೆ, ಶುಕ್ಲ ಸಂವತ್ಸರವೆಂದೂ ಇದೆ. ಶುಕ್ಲ ಬರುವುದು 1509-10ರಲ್ಲಿ. ಲೆಕ್ಕದಲ್ಲಿ ಒಂದು ವರ್ಷದ ಅಂತರ. ರಾಯನ ಪಟ್ಟಾಭಿಷೇಕ 1509ರಲ್ಲೋ 1510ರಲ್ಲೋ ಎಂಬ ಚರ್ಚೆ ನಿಂತಿರುವುದು ಇಂಥ ಒಂದಂಕಿಯ ಮೇಲೆ. ಆ ಕೊನೆಯ ಅಂಕಿ ಮಸುಕಾದ ಫೋಟೋದಲ್ಲಿ ಮಾತ್ರ ಸಿಕ್ಕಿದ್ದರೆ, ಯಾರಾದರೂ ಸಂವತ್ಸರಕ್ಕೆ ಹೊಂದಿಸಿ 1431 ಅಂತ ತುಂಬಿಬಿಡುತ್ತಿದ್ದರು. ಚರ್ಚೆಯೇ ಹುಟ್ಟುತ್ತಿರಲಿಲ್ಲ.

ಓರೆ ಬೆಳಕಿಗೆ ಕಾಯುವ ತಾಳ್ಮೆ ನಮ್ಮವರಲ್ಲಿದೆ. ಅದೇ ತಾಳ್ಮೆ ಫೋಕಸಿಗೂ ಬೇಕು. ಕ್ಯಾಮೆರಾ ಕಲ್ಲಿಗೆ ಸಮಾನಾಂತರವಾಗಿರಲಿ. ಕುಂಕುಮದ ಕಲೆ, ಪಾಚಿಯ ಮೇಲೆ ಆಟೋಫೋಕಸ್ ಕೂರದಂತೆ ಅಕ್ಷರದ ಅಂಚಿಗೇ ಗುರಿ ಇಡಿ. ಎಫ್/8 ಸಾಕು, ಎಫ್/22ಕ್ಕೆ ಹೋದರೆ ವಿವರ್ತನೆಯಿಂದ ಇಡೀ ಚಿತ್ರವೇ ಮೆತ್ತಗಾಗುತ್ತೆ. ನಾಲ್ಕೈದು ಸಾಲಿಗೊಂದರಂತೆ, ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ತೆಗೆಯಿರಿ. ಜಾಗ ಬಿಡುವ ಮೊದಲು ಹಿಗ್ಗಿಸಿ ಕಲ್ಲಿನ ಕಣ ನೋಡಿ.

‘ಸವೆದಿದೆ’ ಎಂದು ಒಮ್ಮೆ ಅಚ್ಚಾದರೆ ಆ ಸಾಲನ್ನು ಮತ್ತೆ ಹೋಗಿ ಓದುವವರು ಕಡಿಮೆ. ಲೆನ್ಸಿನ ತಪ್ಪನ್ನು ಕಲ್ಲಿನ ಲೆಕ್ಕಕ್ಕೆ ಬರೆಯೋದು ಬೇಡ.